ಟ್ಯಾಂಕರ್ ಬೆನ್ನ ಮೇಲಿನ ಅಂಕಿಗೆ ಹೊಣೆ ಯಾರು?

ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ ಬೈಕ್ ಓಡಿಸಿದವರೆಲ್ಲ ಆ ಫಲಕ ನೋಡಿರುತ್ತೇವೆ. ಜ್ವಾಲೆಯ ಚಿತ್ರವಿರುವ ಕೆಂಪು ವಜ್ರಾಕೃತಿ, ಪಕ್ಕದಲ್ಲಿ 1203 ಎಂಬ ಅಂಕಿ, ‘3 ವೈ ಇ’ ಎಂಬ ಸಂಕೇತ. 1203 ಎಂದರೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಪೆಟ್ರೋಲ್. ಡೀಸೆಲ್‌ಗೆ 1202, ಸೀಮೆಎಣ್ಣೆಗೆ 1223. ಸಂಕೇತದಲ್ಲಿರುವ 3, ಬೆಂಕಿ ಆರಿಸಲು ನೊರೆ ಬಳಸಿ ಎಂದು ಅಗ್ನಿಶಾಮಕ ಸಿಬ್ಬಂದಿಗೆ ಹೇಳುತ್ತದೆ. ಕೊನೆಯ ‘ಇ’, ಸುತ್ತಲಿನ ಜನರನ್ನು ತೆರವು ಮಾಡಬೇಕಾದೀತು ಎನ್ನುತ್ತದೆ. ಟ್ಯಾಂಕರ್ ಮಗುಚಿ ಚಾಲಕ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಅಲ್ಲಿ ಮಾತಾಡುವುದು ಈ ಫಲಕ ಮಾತ್ರ.

ಆ ಅಂಕಿಯನ್ನು ನಿರ್ಧರಿಸಿದ್ದು ಹೇಗೆ? ಟ್ಯಾಂಕಿನೊಳಗಿನ ದ್ರವವನ್ನು ಪರೀಕ್ಷಿಸಿಯೋ, ಹಿಂದಿನ ಟ್ರಿಪ್ಪಿನ ಕಾಗದ ನೋಡಿ ಬರೆದೋ? ನನಗೆ ಇದು ಗುಮಾಸ್ತಿಕೆಯ ಕೆಲಸವಾಗಿ ಕಾಣುವುದಿಲ್ಲ. ಶುದ್ಧ ಎಂಜಿನಿಯರಿಂಗ್ ಪ್ರಶ್ನೆ ಇದು.

ನಮ್ಮ ದೇಶದಲ್ಲಿ 1934ರ ಪೆಟ್ರೋಲಿಯಂ ಕಾಯ್ದೆ ಈ ದ್ರವಗಳನ್ನು ಫ್ಲ್ಯಾಷ್ ಪಾಯಿಂಟ್ ಆಧಾರದ ಮೇಲೆ ಎ, ಬಿ, ಸಿ ಎಂದು ವಿಂಗಡಿಸುತ್ತದೆ. ದ್ರವದ ಮೇಲೆ ಏಳುವ ಆವಿಗೆ ಕಿಡಿ ತಾಗಿಸಿದರೆ ಒಮ್ಮೆ ಭಗ್ಗನೆ ಹತ್ತಿಕೊಳ್ಳುವ ಕನಿಷ್ಠ ಉಷ್ಣಾಂಶವೇ ಫ್ಲ್ಯಾಷ್ ಪಾಯಿಂಟ್. 23 ಡಿಗ್ರಿಗಿಂತ ಕಡಿಮೆ ಇದ್ದರೆ ‘ಎ’ ವರ್ಗ, 23ರಿಂದ 65ರೊಳಗೆ ‘ಬಿ’, 65ರಿಂದ 93ರೊಳಗೆ ‘ಸಿ’. ಪೆಟ್ರೋಲ್ ಸೊನ್ನೆಗಿಂತಲೂ ಬಹಳ ಕೆಳಗೇ ಹತ್ತಿಕೊಳ್ಳುವುದರಿಂದ ಅದು ‘ಎ’. ಡೀಸೆಲ್ ‘ಬಿ’.

‘ಡೀಸೆಲ್ ತಾನೇ, ಬೆಂಕಿಕಡ್ಡಿ ಹಾಕಿದರೂ ಹತ್ತಲ್ಲ’ ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆದರೆ ಭಾರತೀಯ ಮಾನಕ ಡೀಸೆಲ್‌ಗೆ ಕೇಳುವ ಕನಿಷ್ಠ ಫ್ಲ್ಯಾಷ್ ಪಾಯಿಂಟ್ 35 ಡಿಗ್ರಿ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ದಾಟುತ್ತದೆ. ಹೆಚ್ಚಿನ ಡೀಸೆಲ್‌ನ ಫ್ಲ್ಯಾಷ್ ಪಾಯಿಂಟ್ ಆ ಕನಿಷ್ಠಕ್ಕಿಂತ ಸಾಕಷ್ಟು ಮೇಲಿರುತ್ತದೆ, ನಿಜ. ಆದರೂ ವರ್ಗದ ಹೆಸರು ನೋಡಿ ಧೈರ್ಯ ತಂದುಕೊಳ್ಳುವುದು ಅಪಾಯ. ಪೆಟ್ರೋಲ್ ಇಳಿಸಿದ ಟ್ಯಾಂಕಿಗೆ ಡೀಸೆಲ್ ತುಂಬುವ ‘ಸ್ವಿಚ್ ಲೋಡಿಂಗ್’ ಇನ್ನೂ ಕೆಟ್ಟದ್ದು. ಒಳಗೆ ಉಳಿದ ಪೆಟ್ರೋಲ್ ಆವಿ ಮೊದಲು ಅತಿ ದಟ್ಟವಾಗಿರುತ್ತದೆ, ಹತ್ತಿಕೊಳ್ಳಲು ಬೇಕಾದ ಗಾಳಿ ಅದರಲ್ಲಿರುವುದಿಲ್ಲ. ಡೀಸೆಲ್ ಬಿದ್ದಂತೆ ಅದು ಆ ಆವಿಯನ್ನು ಹೀರಿಕೊಂಡು ಒಳಗಿನ ಮಿಶ್ರಣವನ್ನು ಸರಿಯಾಗಿ ಹತ್ತಿಕೊಳ್ಳುವ ಹದಕ್ಕೆ ತರುತ್ತದೆ. ಆಗ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು. ಕಾಗದದ ಮೇಲೆ ಮಾತ್ರ ಅದು ‘ಬಿ’ ವರ್ಗದ ಸರಕು.

ಕಾಗದಕ್ಕೂ ದ್ರವಕ್ಕೂ ತಾಳೆಯಾಗದಿದ್ದರೆ ಏನಾಗುತ್ತದೆಂದು ಅರಿಯಲು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾಕ್-ಮೆಗಾಂಟಿಕ್ ಪಟ್ಟಣದ ದುರಂತವನ್ನು ಓದಬೇಕು. 2013ರ ಜುಲೈ 6ರ ನಸುಕಿನಲ್ಲಿ, ಇಳಿಜಾರಿನ ಮೇಲೆ ಚಾಲಕನಿಲ್ಲದೆ ನಿಲ್ಲಿಸಿದ್ದ ರೈಲು ತಾನಾಗಿ ಉರುಳಿ ಪಟ್ಟಣದ ನಡುವೆ ಹಳಿ ತಪ್ಪಿತು. 72 ಟ್ಯಾಂಕ್ ವ್ಯಾಗನ್‌ಗಳಲ್ಲಿ 63 ಉರುಳಿದವು. ಸುಮಾರು 60 ಲಕ್ಷ ಲೀಟರ್ ಕಚ್ಚಾ ತೈಲ ಚೆಲ್ಲಿತು. 47 ಜನ ಸತ್ತರು. ತೈಲ ಅಮೆರಿಕದ ಉತ್ತರ ಡಕೋಟಾದ ಬಾಕನ್ ಪ್ರದೇಶದ್ದು. ಅಲ್ಲಿನ ಸಾಗಣೆ ನಿಯಮದಲ್ಲಿ ಉರಿಯುವ ದ್ರವಗಳಿಗೆ ಮೂರು ‘ಪ್ಯಾಕಿಂಗ್ ಗುಂಪು’ಗಳಿವೆ, ಒಂದನೆಯದು ಅತಿ ಅಪಾಯದ್ದು. ಈ ತೈಲದ ಕಾಗದದಲ್ಲಿದ್ದದ್ದು ಮೂರನೇ ಗುಂಪು, ಅಂದರೆ ಫ್ಲ್ಯಾಷ್ ಪಾಯಿಂಟ್ 23 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ಉಳಿದ ವ್ಯಾಗನ್‌ಗಳ ತೈಲ ಪರೀಕ್ಷಿಸಿದಾಗ ಅದು ಎರಡನೇ ಗುಂಪಿನದೆಂದು ತಿಳಿಯಿತು. ‘ಕಚ್ಚಾ ತೈಲ’ ಎಂಬ ಹೆಸರು ಒಂದೇ, ಆದರೆ ಇದು ಪೆಟ್ರೋಲ್‌ನಂತೆ ಸುಲಭವಾಗಿ ಆವಿಯಾಗುವ ತೈಲ.

ಇಲ್ಲೊಂದು ವಾದ ಬರುತ್ತದೆ, ಅದನ್ನು ಮುಚ್ಚಿಡಬಾರದು. ರೈಲು ಉರುಳಿದ್ದಕ್ಕೆ ಕಾರಣ ಸಾಕಷ್ಟು ಕೈಬ್ರೇಕ್ ಹಾಕದಿದ್ದದ್ದು, ವರ್ಗೀಕರಣವಲ್ಲ. ಗುಂಪು ಸರಿಯಾಗಿ ಬರೆದಿದ್ದರೂ ಆಗಿನ ನಿಯಮದಲ್ಲಿ ಅದೇ ಬಗೆಯ ಹಳೆಯ ವ್ಯಾಗನ್‌ನಲ್ಲಿ ಸಾಗಿಸಬಹುದಿತ್ತು. ಹಾಗಿದ್ದರೆ ಅಂಕಿ ತಪ್ಪಿದ್ದರಿಂದ ಆದ ನಷ್ಟವೇನು? ತಮ್ಮ ಊರಿನ ನಡುವೆ ಏನು ಹಾದುಹೋಗುತ್ತಿದೆ ಎಂಬುದನ್ನು ಕಾಗದಗಳು ಕಡಿಮೆ ಮಾಡಿ ತೋರಿಸಿದವು, ನಷ್ಟ ಅದೇ ಎನ್ನುತ್ತೇನೆ. ಅಪಾಯ ಸಣ್ಣದೆಂದು ಬರೆದಿದ್ದರೆ ಗಟ್ಟಿ ವ್ಯಾಗನ್ ಬೇಕೆಂದು ಕೇಳುವವರ ಮಾತಿಗೆ ಬಲ ಎಲ್ಲಿಂದ ಬರಬೇಕು? ಕಚ್ಚಾ ತೈಲವನ್ನು ಪರೀಕ್ಷಿಸದೆ ಸಾಗಿಸಬಾರದು, ಮೂರನೇ ಗುಂಪೆಂದು ಕಳುಹಿಸಬಾರದು ಎಂದು ಅಮೆರಿಕದ ಸಾರಿಗೆ ಇಲಾಖೆ ತುರ್ತು ಆದೇಶ ಹೊರಡಿಸಿದ್ದು 2014ರ ಫೆಬ್ರುವರಿಯಲ್ಲಿ. ಹೊಸ ಬಗೆಯ ವ್ಯಾಗನ್‌ಗಳ ನಿಯಮ ಬಂದದ್ದು 2015ರಲ್ಲಿ.

ನಮ್ಮ ರಿಫೈನರಿಗಳಿಂದ ಹೊರಡುವ ಪೆಟ್ರೋಲ್, ಡೀಸೆಲ್ ಬ್ಯಾಚ್‌ಗೆ ಬ್ಯಾಚ್ ಪರೀಕ್ಷೆಯಾಗಿಯೇ ಬರುತ್ತವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಹೆಸರು ಒಂದೇ ಇದ್ದು ಗುಣ ಬದಲಾಗುವ ಸರಕಿನ ಬಗ್ಗೆ ನನ್ನ ಮಾತು: ಸಾಲ್ವೆಂಟ್, ಥಿನ್ನರ್, ಬಳಸಿದ ಎಂಜಿನ್ ಆಯಿಲ್, ಬೆರಕೆ ಉರುವಲು ಎಣ್ಣೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಥ ವಾಹನದ ಚಾಲಕನಿಗೆ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದು-ಬರಹ ಬರಬೇಕು, ಮೂರು ದಿನಗಳ ತರಬೇತಿಯೂ ಆಗಿರಬೇಕು. ಸರಕಿನ ಪೂರ್ಣ ಮಾಹಿತಿ ಕೊಡುವ ಹೊಣೆ ಕಳುಹಿಸುವವರದ್ದು. ಮಾಹಿತಿಯೇ ತಪ್ಪಿದ್ದರೆ ಚಾಲಕ ಎಷ್ಟು ಚೆನ್ನಾಗಿ ಓದಿ ಏನು ಬಂತು?

ಕಳುಹಿಸುವವರ ಪರವಾಗಿ ಆ ಕಾಗದಕ್ಕೆ ಸಹಿ ಹಾಕುವವರು ನಾಳೆ ನಾವೇ. ಪ್ಲೇಸ್‌ಮೆಂಟ್ ಎಂದರೆ ಕೋಡಿಂಗ್ ಎಂದುಕೊಂಡ ಮೆಕ್ಯಾನಿಕಲ್, ಕೆಮಿಕಲ್ ಗೆಳೆಯರು ಕೊನೆಗೆ ಡಿಪೊ, ಗೋದಾಮು, ಕಾರ್ಖಾನೆಗಳ ಡಿಸ್ಪ್ಯಾಚ್ ಮೇಜಿಗೂ ಬರುತ್ತಾರೆ. ಅದಕ್ಕೆ ನಮ್ಮ ತಯಾರಿ ಹೇಗಿದೆ? ಲ್ಯಾಬ್‌ನಲ್ಲಿ ಪೆನ್ಸ್ಕಿ-ಮಾರ್ಟೆನ್ಸ್ ಉಪಕರಣವಿದೆ. ಫ್ಲ್ಯಾಷ್ ಪಾಯಿಂಟ್ ಪ್ರಯೋಗ ಸಿಲೆಬಸ್‌ನಲ್ಲೂ ಇದೆ. ಆದರೆ ನಾನು ನೋಡಿದ ಮೂರು ಬ್ಯಾಚ್‌ಗಳ ರೆಕಾರ್ಡ್ ಪುಸ್ತಕಗಳಲ್ಲಿ ರೀಡಿಂಗ್ ಒಂದೇ! ಎಣ್ಣೆ ಬದಲಾದರೂ ಅಂಕಿ ಬದಲಾಗಿಲ್ಲ, ಅಂಕವೂ ಕಡಿಮೆಯಾಗಿಲ್ಲ. ಹಿಂದಿನ ಕಾಗದ ನೋಡಿ ಬರೆಯುವ ಅಭ್ಯಾಸ ಇಲ್ಲೇ ಶುರುವಾಗುತ್ತದೆ.

ಇದನ್ನು ಬದಲಾಯಿಸಲು ಹೊಸ ಯಂತ್ರ ಬೇಡ, ವಿಶ್ವವಿದ್ಯಾಲಯದ ಸುತ್ತೋಲೆಯೂ ಬೇಡ. ಲ್ಯಾಬ್ ಪರೀಕ್ಷೆಯ ದಿನ ಹೆಸರು ಬರೆಯದ ಒಂದು ಬಾಟಲಿ ಎಣ್ಣೆ ಕೊಡಿ. ವಿದ್ಯಾರ್ಥಿ ಬಿಸಿ ಮಾಡಿ, ಅಳೆದು, ಅದು ಎ, ಬಿ, ಸಿ ಪೈಕಿ ಯಾವುದೆಂದು ಬರೆದು ಕೆಳಗೆ ಸಹಿ ಹಾಕಲಿ. ವೈವಾದಲ್ಲಿ ಒಂದೇ ಪ್ರಶ್ನೆ ಕೇಳಿ: ಇದನ್ನು ತುಂಬಿದ ಟ್ಯಾಂಕರ್ ನಿನ್ನ ಊರಿನ ಬಸ್ ನಿಲ್ದಾಣದ ಮುಂದೆ ಮಗುಚಿದರೆ ಫಲಕದಲ್ಲಿ ಏನು ಬರೆದಿರಬೇಕು?