ಹೇಳಿ ಬರುವ ನೋವಿಗೆ ಕಾಲು ಗಂಟೆಯ ಆಮ್ಲಜನಕ ಕೊಡಿ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು

ವಿಷಯ: ಕ್ಲಸ್ಟರ್ ತಲೆನೋವಿನ ರೋಗಿಗಳಿಗೆ ತಾಲೂಕು ಮಟ್ಟದಲ್ಲಿ ರಾತ್ರಿ ಹೊತ್ತೂ ಆಮ್ಲಜನಕ ಮತ್ತು ಔಷಧ ಸಿಗುವಂತೆ ಮಾಡುವ ಬಗ್ಗೆ

ಮಾನ್ಯರೇ,

ನಾನು ಗುರುವಾಯನಕೆರೆಯ ಒಬ್ಬ ಅಡಿಕೆ ಕೃಷಿಕ. ಆಟಿ ಮುಗಿದು ಸೋಣ ತಿಂಗಳು ಕಾಲಿಡುವ ಹೊತ್ತಿಗೆ ನನಗೆ ಒಂದು ತಲೆನೋವು ಬರುತ್ತದೆ. ನಡುವೆ ಒಂದೆರಡು ವರ್ಷ ಬಾರದೆ ಹೋದದ್ದೂ ಉಂಟು. ಬಂದರೆ ಮಾತ್ರ ಇದೇ ದಿನಗಳಲ್ಲಿ ಬಂದು, ಆರೆಂಟು ವಾರ ದಿನವೂ ಕಾಡಿ, ದೀಪಾವಳಿಗೆ ಮೊದಲೇ ಬಿಟ್ಟುಹೋಗುತ್ತದೆ. ಇದರ ಹೆಸರು ಕ್ಲಸ್ಟರ್ ತಲೆನೋವು. ಯಾವಾಗ ಬರುತ್ತದೆ ಎಂದು ರೋಗಿಗೆ ಮೊದಲೇ ಅಂದಾಜು ಸಿಗುವ ಕಾಯಿಲೆಗಳು ಕಡಿಮೆ. ಇದು ಅಂಥದ್ದು. ಹಾಗಿದ್ದೂ ಪ್ರತಿ ಸಲ ಅದು ಬಂದಾಗ ನಮ್ಮ ಕೈಯೂ ಬರಿದು, ಆಸ್ಪತ್ರೆಯ ಕೈಯೂ ಬರಿದು. ಈ ವರ್ಷವಾದರೂ ಹಾಗಾಗದಿರಲಿ ಎಂದು ಈಗಲೇ ಬರೆಯುತ್ತಿದ್ದೇನೆ.

ತಲೆನೋವು ಎಂಬ ಮಾತು ಕೇಳಿದ ಕೂಡಲೇ ಎಲ್ಲರೂ ತಮಗೆ ಬಂದುಹೋದ ತಲೆನೋವನ್ನು ನೆನೆಯುತ್ತಾರೆ. ದಯವಿಟ್ಟು ಅದನ್ನು ಬದಿಗಿಟ್ಟು ಓದಬೇಕು. ಈ ನೋವು ತಲೆಯ ಒಂದೇ ಬದಿಗೆ, ಕಣ್ಣಿನ ಹಿಂದೆ ಮತ್ತು ಕಣತಲೆಯಲ್ಲಿ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಏರಿ, ಮದ್ದು ಮಾಡದಿದ್ದರೆ 15 ನಿಮಿಷದಿಂದ ಮೂರು ಗಂಟೆಯವರೆಗೆ ಇರುತ್ತದೆ. ಎರಡು ದಿನಕ್ಕೊಮ್ಮೆ ಬರಬಹುದು, ದಿನಕ್ಕೆ ಎಂಟು ಸಲವೂ ಬರಬಹುದು. ಹೀಗೆ ಒಂದೊಂದು ಸಲ ಬರುವುದನ್ನು ದಾಳಿ ಎನ್ನುತ್ತಾರೆ. ನೋವಿರುವ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಆ ಬದಿಯ ಮೂಗು ಕಟ್ಟುತ್ತದೆ ಇಲ್ಲವೆ ಸೋರುತ್ತದೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ. ನಮಗೆ ಮಲಗಲು ಆಗುವುದಿಲ್ಲ. ಅಂಗಳದಲ್ಲಿ ಆಚೆ ಈಚೆ ನಡೆಯುತ್ತೇವೆ, ಕೂತು ಮುಂದಕ್ಕೆ ಹಿಂದಕ್ಕೆ ತೂಗುತ್ತೇವೆ, ತಲೆಯನ್ನು ಗೋಡೆಗೆ ಒತ್ತುತ್ತೇವೆ. ನಿದ್ದೆ ಹತ್ತಿ ಒಂದೆರಡು ಗಂಟೆಯಾದ ಮೇಲೆ, ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎಬ್ಬಿಸುವುದು ಈ ಕಾಯಿಲೆಯ ಸ್ವಭಾವ. ಮೆದುಳಿನಲ್ಲಿ ದೇಹದ ಗಡಿಯಾರ ನೋಡಿಕೊಳ್ಳುವ ಹೈಪೊಥಲಾಮಸ್ ಎಂಬ ಭಾಗ ಈ ನೋವಿನ ಹೊತ್ತಿನಲ್ಲಿ ಚುರುಕಾಗುತ್ತದೆ ಎಂಬುದನ್ನು ಲಂಡನ್ನಿನ ಸಂಶೋಧಕರು 1998ರಲ್ಲೇ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಗಡಿಯಾರ ನೋಡಿ ಬಂದಂತೆ ಬರುವುದು ರೋಗಿಯ ಕಲ್ಪನೆಯಲ್ಲ.

ರೋಗ ಯಾವುದೆಂದು ತಿಳಿಯುವಷ್ಟರಲ್ಲಿ ವರ್ಷಗಳು ಹೋಗುತ್ತವೆ. ಮೂಗು ಕಟ್ಟುವುದರಿಂದ ಸೈನಸ್ ಎನ್ನುತ್ತಾರೆ. ನೋವು ಮೇಲಿನ ದವಡೆಗೂ ಇಳಿಯುವುದರಿಂದ ಹಲ್ಲು ಕೀಳಿಸಿಕೊಂಡವರಿದ್ದಾರೆ. ಕಣ್ಣಿನ ಪವರ್ ನೋಡಿಸಿ ಕನ್ನಡಕ ಹಾಕಿಕೊಂಡವರಿದ್ದಾರೆ. ನಮ್ಮ ಕಡೆ ಇದಕ್ಕೆ ಮಂತ್ರಿಸಿದ ನೂಲು ಕಟ್ಟಿಸುವುದೂ ನಡೆಯುತ್ತದೆ. ನೋವಿನಲ್ಲಿ ಒದ್ದಾಡುವವನನ್ನು ಜನ ಏನೆಂದುಕೊಳ್ಳುವುದಿಲ್ಲ ಹೇಳಿ.

ಈಗ ಒಂದು ರಾತ್ರಿ ಹೇಗಿರುತ್ತದೆ ಎಂದು ತಮಗೆ ತಿಳಿಸಬೇಕು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಯಾರ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ಹೊರಗೆ ಮಳೆ. ನೋವು ಎಬ್ಬಿಸುತ್ತದೆ. ಹೆಂಡತಿ ಪಕ್ಕದ ಮನೆಯ ರಿಕ್ಷಾದವರನ್ನು ಎಬ್ಬಿಸಿ, ಆಸ್ಪತ್ರೆ ಸೇರಿ, ಚೀಟಿ ಮಾಡಿಸಿ, ತುರ್ತು ವಿಭಾಗದ ಮಂಚದ ಬಳಿ ನಿಲ್ಲುವಾಗ ನೋವು ತುತ್ತತುದಿಯಲ್ಲಿರುತ್ತದೆ. ಸಿಸ್ಟರ್ ಮಲಗಿ ಎನ್ನುತ್ತಾರೆ, ನನಗೆ ಮಲಗಲಾಗುವುದಿಲ್ಲ. ಆಮ್ಲಜನಕ ಕೊಡಿ ಎಂದು ಕೇಳುತ್ತೇನೆ. ಅವರು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡುತ್ತಾರೆ. 99 ಎಂದು ತೋರಿಸುತ್ತದೆ. "ನಿಮ್ಮಲ್ಲಿ ಆಕ್ಸಿಜನ್ ಸರಿಯಾಗಿಯೇ ಇದೆಯಲ್ಲ, ಯಾಕೆ ಬೇಕು?" ಎಂದು ಕೇಳುತ್ತಾರೆ. ನ್ಯೂರಾಲಜಿಸ್ಟ್ ಬರೆದುಕೊಟ್ಟ ಚೀಟಿ ತೋರಿಸಿದರೆ, ಡ್ಯೂಟಿ ಡಾಕ್ಟರು ಬರಲಿ ಎನ್ನುತ್ತಾರೆ. ಕೊನೆಗೆ ಒಂದು ನೋವಿನ ಇಂಜೆಕ್ಷನ್, ಒಂದು ಗ್ಯಾಸಿನ ಇಂಜೆಕ್ಷನ್. ಅಷ್ಟರಲ್ಲಿ ನೋವು ತನ್ನ ಅವಧಿ ಮುಗಿಸಿ ತಾನಾಗಿ ಇಳಿಯುತ್ತದೆ. ಇಂಜೆಕ್ಷನ್ನಿನಿಂದ ಕಡಿಮೆಯಾಯಿತು ಎಂದು ದಾಖಲೆಯಲ್ಲಿ ಬರೆಯುತ್ತಾರೆ. ಮರುದಿನ ರಾತ್ರಿ ಮತ್ತೆ ಅದೇ ಹೊತ್ತಿಗೆ ಎಚ್ಚರವಾಗುತ್ತದೆ.

ಮಂಚದ ಪಕ್ಕದಲ್ಲೇ ಸಿಲಿಂಡರ್ ನಿಂತಿರುತ್ತದೆ. ನನಗೆ ಅತಿ ಹೆಚ್ಚು ಸಂಕಟವಾಗುವುದು ಅದನ್ನು ನೋಡಿದಾಗ.

ಈ ಕಾಯಿಲೆಯಲ್ಲಿ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂಬ ಕಾರಣಕ್ಕೆ ಅದನ್ನು ಕೊಡುವುದಲ್ಲ. ಇಲ್ಲಿ ಆಮ್ಲಜನಕವೇ ಮದ್ದು. 2009ರಲ್ಲಿ ಅಮೆರಿಕದ ವೈದ್ಯ ಪತ್ರಿಕೆ ಜಾಮಾದಲ್ಲಿ ಬ್ರಿಟನ್ನಿನ ಕೊಹೆನ್, ಬರ್ನ್ಸ್ ಮತ್ತು ಗೋಡ್ಸ್‌ಬಿ ಪ್ರಕಟಿಸಿದ ಪ್ರಯೋಗದಲ್ಲಿ ರೋಗಿಗಳಿಗೆ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಶುದ್ಧ ಆಮ್ಲಜನಕ ಕೊಟ್ಟರು. ಹೋಲಿಕೆಗಾಗಿ ಬೇರೆ ದಾಳಿಗಳಲ್ಲಿ ಬರೀ ಗಾಳಿ ಕೊಟ್ಟರು. ಆಮ್ಲಜನಕ ಕೊಟ್ಟ ದಾಳಿಗಳಲ್ಲಿ ಶೇ. 78ರಷ್ಟು ಕಾಲು ಗಂಟೆಯೊಳಗೆ ಶಮನವಾದವು, ಗಾಳಿ ಕೊಟ್ಟವುಗಳಲ್ಲಿ ಶೇ. 20 ಮಾತ್ರ. ಇದು ಹೊಸ ವಿದ್ಯೆಯೂ ಅಲ್ಲ. ಕುಡ್ರೋ ಎಂಬ ಅಮೆರಿಕದ ವೈದ್ಯರು 1981ರಲ್ಲೇ ಇದರ ಫಲವನ್ನು ಬರೆದಿಟ್ಟಿದ್ದಾರೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರ ವಿಷಯದಲ್ಲಿ ವೈದ್ಯರು ಎಚ್ಚರ ವಹಿಸಬೇಕು, ಅಷ್ಟೆ. ಹೃದಯದ ತೊಂದರೆ ಇದ್ದು ಬೇರೆ ಮದ್ದು ತೆಗೆದುಕೊಳ್ಳಲಾಗದವರಿಗೂ ಇದು ನಡೆಯುತ್ತದೆ.

ಆದರೆ ಕೊಡುವ ಕ್ರಮ ಸರಿಯಾಗಿರಬೇಕು. ಮೂಗಿಗೆ ಸಣ್ಣ ನಳಿಕೆ ಸಿಕ್ಕಿಸಿ ಎರಡು ಲೀಟರ್ ಬಿಟ್ಟರೆ ಏನೂ ಆಗುವುದಿಲ್ಲ. ಕೆಳಗೆ ಚೀಲವಿರುವ ನಾನ್-ರಿಬ್ರೀದರ್ ಮಾಸ್ಕ್ ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು, 12ರಿಂದ 15 ಲೀಟರ್ ಬಿಡಬೇಕು, ರೋಗಿ ಕೂತಿರಬೇಕು. ನೋವು ಏರಲು ಶುರುವಾದ ಕೂಡಲೇ ಕೊಟ್ಟರೆ ಗುಣ ಹೆಚ್ಚು. ಕೊರೊನಾ ಕಾಲದಲ್ಲಿ ಊರೂರಿಗೆ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳನ್ನು ಕೊಟ್ಟರಾಗದೇ ಎಂದು ಕೇಳುವವರಿದ್ದಾರೆ. ಅವು ಸಾಮಾನ್ಯವಾಗಿ ಐದು ಅಥವಾ ಹತ್ತು ಲೀಟರಿನವು, ಇಷ್ಟು ವೇಗದ ಶುದ್ಧ ಆಮ್ಲಜನಕ ಅವುಗಳಿಂದ ಬರುವುದಿಲ್ಲ. ಸಿಲಿಂಡರೇ ಬೇಕು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. 12 ಲೀಟರಿನಂತೆ 15 ನಿಮಿಷಕ್ಕೆ 180 ಲೀಟರ್. ಬಿ-ಟೈಪ್ ಎಂದು ಕರೆಯುವ ಸಣ್ಣ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲ ಇರುತ್ತದೆ, ಅಂದರೆ ಎಂಟು ದಾಳಿಗೆ ಸಾಕು. ಆಸ್ಪತ್ರೆಗಳಲ್ಲಿರುವ ಜಂಬೋ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್, ಅದು ಮೂವತ್ತೆಂಟು ದಾಳಿಗೆ ಬರುತ್ತದೆ. ಒಬ್ಬ ರೋಗಿಯ ಒಂದು ದಾಳಿಗೆ ಆಸ್ಪತ್ರೆಯ ದಾಸ್ತಾನಿನಿಂದ ಹೋಗುವುದು ಆ 180 ಲೀಟರ್ ಅಷ್ಟೇ.

ಆಮ್ಲಜನಕದ ಜೊತೆ ಬೇಕಾದ ಇನ್ನೊಂದು ಮದ್ದು ಸುಮಟ್ರಿಪ್ಟಾನ್. ಚರ್ಮದಡಿಗೆ 6 ಮಿಲಿಗ್ರಾಂ ಚುಚ್ಚಿದರೆ ಹೆಚ್ಚಿನವರಿಗೆ ಕಾಲು ಗಂಟೆಯೊಳಗೆ ನೋವು ಇಳಿಯುತ್ತದೆ. ಮೂಗಿಗೆ ಬಿಡುವ ಸ್ಪ್ರೇ ಸ್ವಲ್ಪ ನಿಧಾನ. ಮಾತ್ರೆ ಹೊಟ್ಟೆಯಲ್ಲಿ ಕರಗಿ ಕೆಲಸ ಶುರು ಮಾಡುವಷ್ಟರಲ್ಲಿ ದಾಳಿಯೇ ಮುಗಿದಿರುತ್ತದೆ. ನಮ್ಮ ಕಡೆಯ ಮೆಡಿಕಲ್‌ಗಳಲ್ಲಿ ನಾನು ಕೇಳಿದಾಗ ಸಿಕ್ಕಿದ್ದು ಮಾತ್ರೆ ಮಾತ್ರ. ಚುಚ್ಚುಮದ್ದಿಗೆ ಮಂಗಳೂರಿಗೆ ಹೇಳಿ ತರಿಸಬೇಕು, ಮಂಗಳೂರು ಅರುವತ್ತು ಕಿಲೋಮೀಟರ್ ದೂರ.

ದಾಳಿ ಬಂದಾಗ ನಿಲ್ಲಿಸುವ ಮಾತಾಯಿತು. ನೋವು ಬರುವ ಆ ಋತುವಿನ ಆರಂಭದಲ್ಲೇ ತಡೆಯುವ ದಾರಿಯೂ ಇದೆ. ಅಡಿಕೆಗೆ ಕೊಳೆರೋಗ ಬರುತ್ತದೆಂದು ಗೊತ್ತಿರುವ ನಾವು ಕಾಯಿ ಉದುರುವವರೆಗೆ ಕಾಯುವುದಿಲ್ಲ; ಮಳೆ ಬಲಿಯುವ ಮೊದಲೇ ಸುಣ್ಣ, ಮೈಲುತುತ್ತು ತಂದಿಟ್ಟು ಬೋರ್ಡೋ ದ್ರಾವಣ ಬಿಡುತ್ತೇವೆ. ಈ ತಲೆನೋವಿಗೂ ಅಂಥ ಕ್ರಮವಿದೆ. ಹೃದಯದ ಕಾಯಿಲೆಗೆ ಕೊಡುವ ವೆರಪಮಿಲ್ ಎಂಬ ಹಳೆಯ ಮಾತ್ರೆಯನ್ನು ದಾಳಿಗಳ ಸುಳಿವು ಸಿಕ್ಕಿದ ಕೂಡಲೇ ಶುರು ಮಾಡಿ ಹಂತ ಹಂತವಾಗಿ ಏರಿಸುತ್ತಾರೆ. ಅದು ಗುಣ ತೋರಿಸಲು ಒಂದೆರಡು ವಾರ ಬೇಕಾಗುವುದರಿಂದ ಆ ನಡುವಿನ ದಿನಗಳಿಗೆ ಸ್ಟಿರಾಯ್ಡ್ ಮಾತ್ರೆಯನ್ನು ಹೆಚ್ಚು ಡೋಸಿನಲ್ಲಿ ಶುರು ಮಾಡಿ ಇಳಿಸುತ್ತಾರೆ, ಇಲ್ಲವೆ ತಲೆಯ ಹಿಂಬದಿಯ ನರದ ಬಳಿ ಒಂದು ಇಂಜೆಕ್ಷನ್ ಕೊಡುತ್ತಾರೆ. ವೆರಪಮಿಲ್ ಹೃದಯದ ಬಡಿತವನ್ನು ನಿಧಾನ ಮಾಡುವ ಮದ್ದು. ಡೋಸ್ ಏರಿಸುವಾಗೆಲ್ಲ ಇಸಿಜಿ ನೋಡಬೇಕು. ಇದಕ್ಕೆ ಬೇಕಾದ್ದು ಒಬ್ಬ ತಜ್ಞರ ಸಲಹೆ ಮತ್ತು ಹತ್ತಿರದಲ್ಲೊಂದು ಇಸಿಜಿ ಯಂತ್ರ, ಅದೂ ಋತು ಆರಂಭವಾಗುವ ಮೊದಲೇ.

ಇದು ಆಗದ ಮಾತು ಎನ್ನುವಂತಿಲ್ಲ, ನಮ್ಮ ಜಿಲ್ಲೆಯೇ ಸಾಕ್ಷಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಹೆಸರಿನಲ್ಲಿ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೂ ಸಣ್ಣ ಕ್ಲಿನಿಕ್‌ಗಳಿಗೂ ಇಸಿಜಿ ಯಂತ್ರ ತಲುಪಿಸಿದರು. ಅಲ್ಲಿ ತೆಗೆದ ಇಸಿಜಿ ವಾಟ್ಸಾಪ್ ಗುಂಪಿಗೆ ಬರುತ್ತದೆ, ತಜ್ಞರು ಕೂಡಲೇ ನೋಡಿ ಸಲಹೆ ಹೇಳುತ್ತಾರೆ. ಎದೆನೋವಿಗೆ ಆದದ್ದು ಈ ನೋವಿಗೂ ಆಗಬಹುದು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದೆ. ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಗಳ ಜೊತೆ ತಲೆನೋವೂ ಅದರ ವ್ಯಾಪ್ತಿಯಲ್ಲಿದೆ. ಇ-ಸಂಜೀವನಿ ಎಂಬ ಸರ್ಕಾರಿ ಸೇವೆಯಲ್ಲಿ ದೂರದಿಂದಲೇ ವೈದ್ಯರ ಸಲಹೆ ಪಡೆಯಬಹುದು. ಬೇಕಾದ ಸಾಮಗ್ರಿ ಎಲ್ಲ ಬಿಡಿಬಿಡಿಯಾಗಿ ಇದೆ. ಇವನ್ನು ಈ ರೋಗಿಯ ಹಾಸಿಗೆಯವರೆಗೆ ತರುವ ಒಂದು ಆದೇಶ ಇಲ್ಲ.

ಇಂಥವರು ಎಷ್ಟು ಮಂದಿ ಇದ್ದಾರು ಎಂದು ತಾವು ಕೇಳಬಹುದು. ಬೇರೆ ದೇಶಗಳ ಸಮೀಕ್ಷೆಗಳು ಸಾವಿರಕ್ಕೆ ಒಬ್ಬರಂತೆ ಲೆಕ್ಕ ಕೊಡುತ್ತವೆ, ಗಂಡಸರಲ್ಲಿ ಹೆಚ್ಚು. ಆ ಲೆಕ್ಕ ಇಲ್ಲಿಗೂ ಹೊಂದುವುದಾದರೆ ಇಪ್ಪತ್ತು ಲಕ್ಷ ಜನರಿರುವ ಈ ಜಿಲ್ಲೆಯಲ್ಲಿ ಎರಡು ಸಾವಿರ ಮಂದಿ, ಬೆಳ್ತಂಗಡಿ ತಾಲೂಕೊಂದರಲ್ಲೇ ಇನ್ನೂರೈವತ್ತು. ವೇಣೂರು, ನಾರಾವಿ, ಮಡಂತ್ಯಾರು, ಪುಂಜಾಲಕಟ್ಟೆ, ಮೂಡುಬಿದಿರೆಯ ಕಡೆ ತನ್ನ ಕಾಯಿಲೆಯ ಹೆಸರು ಗೊತ್ತಿಲ್ಲದೆ ರಾತ್ರಿ ಅಂಗಳದಲ್ಲಿ ನಡೆಯುತ್ತಿರುವವರು ಇದ್ದೇ ಇದ್ದಾರೆ.

ಇದನ್ನು ಬರಿಯ ನೋವು ಎಂದು ತಳ್ಳಿಹಾಕಬಾರದೆನ್ನಲು ಇನ್ನೊಂದು ಕಾರಣವಿದೆ. ಅಮೆರಿಕದಲ್ಲಿ 1134 ರೋಗಿಗಳನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 55ರಷ್ಟು ಮಂದಿ ಬದುಕು ಸಾಕು ಎಂಬ ಯೋಚನೆ ತಮಗೆ ಬಂದಿತ್ತು ಎಂದಿದ್ದಾರೆ. ದಿನವೂ ನಿದ್ದೆಗೆಟ್ಟು, ಯಾರೂ ನಂಬದೆ ಹೋದಾಗ ಮನಸ್ಸು ಅಲ್ಲಿಗೆ ಹೋಗುತ್ತದೆ. ಈ ಪತ್ರ ಓದುವ ಯಾರಿಗಾದರೂ ಹಾಗನ್ನಿಸಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಒಂದು ಮಾತು: ಆ ಹೊತ್ತಿನಲ್ಲಿ ಸಮಾಧಾನ ಹೇಳಬೇಡಿ, ಮಲಗಿಸಲು ಹೋಗಬೇಡಿ, ಹತ್ತಿರದಲ್ಲಿರಿ. ದಾಳಿಗಳ ಕಾಲ ಮುಗಿಯುವವರೆಗೆ ಮದ್ಯ ಮುಟ್ಟದಂತೆ ನೋಡಿಕೊಳ್ಳಿ, ಒಂದು ಗುಟುಕೂ ದಾಳಿ ತರಿಸಬಹುದು.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ರಾತ್ರಿ ತೆರೆದಿರುವ ಜಿಲ್ಲೆಯ ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಬೇಕು: ಕ್ಲಸ್ಟರ್ ತಲೆನೋವು ಎಂಬ ತಜ್ಞರ ಚೀಟಿಯೊಂದಿಗೆ ಬಂದವರಿಗೆ, ಆಕ್ಸಿಮೀಟರ್ ಎಷ್ಟೇ ತೋರಿಸಲಿ, ಚೀಲದ ಮಾಸ್ಕ್‌ನಲ್ಲಿ ಕೂಡಲೇ ಆಮ್ಲಜನಕ ಕೊಡಬೇಕು ಎಂದು. ಆಸ್ಪತ್ರೆಯ ನೋಂದಣಿ ಚೀಟಿಯನ್ನು ಆಮೇಲೆ ಮಾಡಿಸಬಹುದು. ತಾಲೂಕು ಆಸ್ಪತ್ರೆಗಳ ಔಷಧಾಲಯದಲ್ಲಿ ಸುಮಟ್ರಿಪ್ಟಾನ್ ಚುಚ್ಚುಮದ್ದು ಕೆಲವಾದರೂ ಇರಲಿ. ಮನೆಯಲ್ಲಿ ಸಿಲಿಂಡರ್ ಇಟ್ಟುಕೊಳ್ಳಬೇಕಾದವರಿಗೆ ಆ ಆರೆಂಟು ವಾರದ ಮಟ್ಟಿಗೆ ರೆಗ್ಯುಲೇಟರ್, ಮಾಸ್ಕ್ ಸಹಿತ ಬಾಡಿಗೆಗೆ ಸಿಗುವಂತೆ ಮಾಡಿ, ಒಲೆ ಮತ್ತು ಬೀಡಿಯಿಂದ ದೂರವಿಡಬೇಕೆಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದುಕೊಡಿ. ರೋಗಿಗಳು ತಮ್ಮ ಋತುವಿಗೆ ಒಂದು ತಿಂಗಳು ಮೊದಲೇ ತಾಲೂಕು ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಇಸಿಜಿ ಮಾಡಿಸಿ, ನ್ಯೂರಾಲಜಿಸ್ಟರ ಸಲಹೆ ಪಡೆಯಲು ಒಂದು ದಿನ ಗೊತ್ತುಮಾಡಿ.

ಸುತ್ತೋಲೆಯನ್ನು ಆಗಸ್ಟ್ ಮೊದಲ ವಾರದೊಳಗೆ ಹೊರಡಿಸಿ, ಅದರ ಪ್ರತಿಯನ್ನು ಪ್ರತಿ ಆಸ್ಪತ್ರೆಯ ತುರ್ತು ವಿಭಾಗದ ಗೋಡೆಗೆ, ರಾತ್ರಿ ಪಾಳಿಯವರ ಕಣ್ಣಿಗೆ ಬೀಳುವಂತೆ ಅಂಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಲಸ್ಟರ್ ತಲೆನೋವಿನ ರೋಗಿ
ಗುರುವಾಯನಕೆರೆ, ಬೆಳ್ತಂಗಡಿ ತಾಲೂಕು