ಪರಿಸರಕ್ಕೆ ಹಣ ಕೊಡುವ ಕುರ್ಚಿಯಲ್ಲಿ ಯಾರು?

ಪರಿಸರ ವಿಜ್ಞಾನ, ಸಮಾಜಕಾರ್ಯ, ಭೂಗೋಳ, ಅರಣ್ಯಶಾಸ್ತ್ರ ಓದಿದವರನ್ನು ‘ಮುಂದೇನು?’ ಎಂದು ಕೇಳಿದರೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ನೆಟ್ ಅಥವಾ ಕೆ-ಸೆಟ್ ಬರೆದು ಉಪನ್ಯಾಸಕರಾಗುವುದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಸೂಚನೆಗೆ ಕಾಯುವುದು, ಕಾರ್ಖಾನೆಯೊಂದರಲ್ಲಿ ಸುರಕ್ಷತಾ ವಿಭಾಗ ಸೇರುವುದು, ಇಲ್ಲವೇ ಕೆಎಎಸ್, ಪಿಡಿಒ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಳ್ಳುವುದು. ಸ್ವಲ್ಪ ಧೈರ್ಯ ಇದ್ದವರು ಎನ್‌ಜಿಒ ಸೇರುತ್ತಾರೆ. ಆದರೆ ಆ ಎನ್‌ಜಿಒಗಳಿಗೆ ಹಣ ಕೊಡುವ ಸಂಸ್ಥೆಗಳಲ್ಲೂ ಕೆಲಸ ಇದೆ, ಅಲ್ಲಿಗೆ ಹೊಸಬರನ್ನು ಫೆಲೋಶಿಪ್ ಮೂಲಕ ತೆಗೆದುಕೊಳ್ಳುತ್ತಾರೆ ಎಂಬುದು ನಮ್ಮ ಕಾಲೇಜುಗಳಲ್ಲಿ ಬಹುತೇಕರಿಗೆ ಗೊತ್ತಿಲ್ಲ.

ಇದನ್ನು ಬರೀ ಉದ್ಯೋಗ ಮಾಹಿತಿ ಎಂದುಕೊಂಡು ಮುಂದೆ ಹೋಗಬೇಡಿ. ಯಾವ ಕೆರೆಗೆ ಹಣ ಬರಬೇಕು, ಯಾವ ಕಾಡಿನ ಬಗ್ಗೆ ಅಧ್ಯಯನ ನಡೆಯಬೇಕು, ಯಾವ ಊರಿನ ಹೋರಾಟಕ್ಕೆ ನೆರವು ಸಿಗಬೇಕು ಎಂಬ ತೀರ್ಮಾನದ ಮೊದಲ ಮೆಟ್ಟಿಲು ಇಂಥ ಕುರ್ಚಿಗಳಲ್ಲಿದೆ. ಅಲ್ಲಿ ಯಾರು ಕೂರುತ್ತಾರೆ ಎಂಬುದು ನಮ್ಮೆಲ್ಲರ ಪ್ರಶ್ನೆಯೂ ಹೌದು.

ಏನಿದು ಕೆಲಸ?

ಫೆಲೋಶಿಪ್ ಎಂದ ಕೂಡಲೇ ನಮಗೆ ನೆನಪಾಗುವುದು ಜೆಆರ್‌ಎಫ್. ಅಲ್ಲಿ ಸಂಶೋಧನೆ ಮಾಡುವವರಿಗೆ ತಿಂಗಳಿಗೆ ಇಂತಿಷ್ಟು ಎಂದು ಹಣ ಸಿಗುತ್ತದೆ. ದತ್ತಿ ಪ್ರತಿಷ್ಠಾನದ ಫೆಲೋಶಿಪ್ ಬೇರೆ. ಇಲ್ಲಿ ಫೆಲೋ ಆದವರು ನಿಗದಿತ ಅವಧಿಗೆ ಆ ಪ್ರತಿಷ್ಠಾನದ ಸಿಬ್ಬಂದಿಯಂತೆಯೇ ದುಡಿಯುತ್ತಾರೆ. ಅನುದಾನ ಕೋರಿ ಬಂದ ಪ್ರಸ್ತಾವಗಳನ್ನು ಓದುವುದು, ಬಜೆಟ್ ಲೆಕ್ಕ ತಾಳೆ ನೋಡುವುದು, ಅರ್ಜಿ ಹಾಕಿದ ಸಂಸ್ಥೆಯ ಹಿನ್ನೆಲೆ ವಿಚಾರಿಸುವುದು, ಸ್ಥಳಕ್ಕೆ ಹೋಗಿ ಜನರೊಂದಿಗೆ ಮಾತಾಡುವುದು, ‘ಇವರಿಗೆ ಹಣ ಕೊಡಬಹುದೇ, ಏಕೆ?’ ಎಂದು ಎರಡು ಮೂರು ಪುಟಗಳ ಟಿಪ್ಪಣಿ ಬರೆಯುವುದು, ಹಣ ಹೋದ ಮೇಲೆ ವರದಿಗಳನ್ನು ಪರಿಶೀಲಿಸುವುದು ಅವರ ದಿನಚರಿ.

ಅಂತಿಮ ತೀರ್ಮಾನ ಫೆಲೋ ಕೈಯಲ್ಲಿ ಇರುವುದಿಲ್ಲ. ಪ್ರೋಗ್ರಾಂ ಆಫೀಸರ್ ಶಿಫಾರಸು ಮಾಡುತ್ತಾರೆ, ಟ್ರಸ್ಟಿಗಳು ಒಪ್ಪಿಗೆ ಕೊಡುತ್ತಾರೆ. ಆದರೆ ಟ್ರಸ್ಟಿಗಳ ಮುಂದೆ ಬರುವುದು ಮೂಲ ಅರ್ಜಿಗಿಂತ ಹೆಚ್ಚಾಗಿ ಅದರ ಮೇಲಿನ ಟಿಪ್ಪಣಿ. ಯಾವ ಅರ್ಜಿ ಮೇಲೆ ಹೋಯಿತು, ಯಾವುದು ಕಡತದಲ್ಲೇ ಉಳಿಯಿತು ಎಂಬುದರಲ್ಲಿ ಕಿರಿಯರ ಪಾತ್ರ ಕಡಿಮೆಯೇನಲ್ಲ. ಸರ್ಕಾರಿ ಕಚೇರಿಯಲ್ಲಿ ಕೇಸ್‌ ವರ್ಕರ್ ಬರೆದ ಷರಾಕ್ಕೆ ಎಷ್ಟು ಬೆಲೆ ಇದೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ಎದ್ದ ಪ್ರಶ್ನೆ

ಈ ಪದ್ಧತಿ ಗಟ್ಟಿಯಾಗಿ ಬೇರೂರಿರುವುದು ಅಮೆರಿಕದಲ್ಲಿ. 1969ರ ತೆರಿಗೆ ಕಾನೂನಿನ ನಂತರ ಅಲ್ಲಿನ ಖಾಸಗಿ ಪ್ರತಿಷ್ಠಾನಗಳು ಪ್ರತಿ ವರ್ಷ ತಮ್ಮ ಆಸ್ತಿಯ ಸುಮಾರು 5%ರಷ್ಟನ್ನು ದತ್ತಿ ಕೆಲಸಕ್ಕೆ ಖರ್ಚು ಮಾಡಲೇಬೇಕು. ಹೀಗಾಗಿ ಹಣ ಹಂಚುವುದೇ ಅಲ್ಲೊಂದು ವೃತ್ತಿ. ಕ್ಯಾಲಿಫೋರ್ನಿಯಾದ ಹ್ಯೂಲೆಟ್ ಪ್ರತಿಷ್ಠಾನ 1966ರಲ್ಲಿ ಆರಂಭವಾಯಿತು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ವಿಲಿಯಂ ಹ್ಯೂಲೆಟ್ ಮತ್ತು ಅವರ ಪತ್ನಿ ಫ್ಲೋರಾ ಕಟ್ಟಿದ ಈ ಸಂಸ್ಥೆ ಪರಿಸರಕ್ಕೆ ದೊಡ್ಡ ಮೊತ್ತ ಕೊಡುವವರ ಪೈಕಿ ಒಂದು. ಅಲ್ಲಿ ಅನುದಾನ ನೋಡಿಕೊಳ್ಳುವ ಅಧಿಕಾರಿಗಳಿಗೆ ಎಂಟು ವರ್ಷಗಳ ಮಿತಿ ಇದೆ. ಒಬ್ಬರೇ ಬಹುಕಾಲ ಕೂತರೆ ಹಣ ಒಂದೇ ಕಡೆ ಹರಿಯುತ್ತದೆ ಎಂಬ ಎಚ್ಚರ ಅದರ ಹಿಂದಿದೆ.

ಅಧಿಕಾರಿಗಳು ಬದಲಾದರೂ ಅವರು ಬರುವ ವರ್ಗ ಬದಲಾಗದಿದ್ದರೆ? 2014ರಲ್ಲಿ ಸಮಾಜವಿಜ್ಞಾನಿ ಡಾರ್ಸೆಟಾ ಟೇಲರ್ ಒಂದು ವರದಿ ಪ್ರಕಟಿಸಿದರು. 191 ಪರಿಸರ ಸಂಘಟನೆಗಳು, 74 ಸರ್ಕಾರಿ ಸಂಸ್ಥೆಗಳು ಮತ್ತು ಪರಿಸರಕ್ಕೆ ಅನುದಾನ ಕೊಡುವ 28 ಪ್ರತಿಷ್ಠಾನಗಳನ್ನು ಅವರು ಪರಿಶೀಲಿಸಿದ್ದರು. ಕಪ್ಪುಜನರು, ಲ್ಯಾಟಿನೊ, ಏಷ್ಯನ್ ಹಾಗೂ ಮೂಲನಿವಾಸಿ ಸಮುದಾಯದವರು ಆ ದೇಶದ ಜನಸಂಖ್ಯೆಯ ಮೂರನೇ ಒಂದಕ್ಕಿಂತ ಹೆಚ್ಚಿದ್ದರೂ, ಈ ಸಂಸ್ಥೆಗಳ ಸಿಬ್ಬಂದಿಯಲ್ಲಿ ಅವರ ಪಾಲು 16% ದಾಟಿರಲಿಲ್ಲ. ವಿಷದ ಗಾಳಿ, ಕೊಳಕು ನೀರು ಹೆಚ್ಚಾಗಿ ಬಾಧಿಸುವುದು ಇವರ ಬಡಾವಣೆಗಳನ್ನೇ. ಪರಿಹಾರಕ್ಕೆ ಹಣ ಹಂಚುವ ಕಡೆ ಮಾತ್ರ ಇವರಿಲ್ಲ.

ಇದೇ ಕೊರತೆ ತುಂಬಲು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ, ಪರಿಸರ ಅನುದಾನ ಸಂಸ್ಥೆಗಳ ಒಕ್ಕೂಟದ ಜೊತೆಗೂಡಿ, ಒಂದು ಫೆಲೋಶಿಪ್ ಆರಂಭವಾಯಿತು. ಅವಕಾಶ ಸಿಗದ ಸಮುದಾಯಗಳ ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಸಂಬಳ ಕೊಟ್ಟು ಪ್ರತಿಷ್ಠಾನಗಳ ಒಳಗೆ ಕಳಿಸುವ ಯೋಜನೆ ಇದು. ‘ಸಂಬಳ ಕೊಟ್ಟು’ ಎಂಬುದು ಇಲ್ಲಿ ಮುಖ್ಯ. ಪುಕ್ಕಟೆ ಇಂಟರ್ನ್‌ಶಿಪ್ ಮಾಡಲು ಮನೆಯಿಂದ ದುಡ್ಡು ತರಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ನಮ್ಮಲ್ಲಿ ಹಣ ಎಲ್ಲಿಂದ?

ಭಾರತದಲ್ಲಿ ಚಿತ್ರ ಬದಲಾಗಿದ್ದು 2013ರ ಕಂಪನಿ ಕಾಯ್ದೆಯಿಂದ. ಅದರ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ ₹500 ಕೋಟಿ, ಅಥವಾ ವಹಿವಾಟು ₹1,000 ಕೋಟಿ, ಅಥವಾ ನಿವ್ವಳ ಲಾಭ ₹5 ಕೋಟಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2% ಅನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. 2022-23ರಲ್ಲಿ ಈ ಮೊತ್ತ ಸುಮಾರು ₹30 ಸಾವಿರ ಕೋಟಿ. ದೊಡ್ಡ ಪಾಲು ಶಿಕ್ಷಣ ಮತ್ತು ಆರೋಗ್ಯಕ್ಕೆ ಹೋಗುತ್ತದೆ. ಪರಿಸರದ ಸರದಿ ಆಮೇಲೆ.

ಬೆಂಗಳೂರಿನಲ್ಲೇ ಹಣ ಕೊಡುವವರಿದ್ದಾರೆ. ರೋಹಿಣಿ ನಿಲೇಕಣಿ ಸ್ಥಾಪಿಸಿದ ‘ಅರ್ಘ್ಯಂ’ ನೀರಿನ ವಿಷಯಕ್ಕೇ ಮೀಸಲು. ಅಜೀಂ ಪ್ರೇಮ್‌ಜಿ ಫೌಂಡೇಷನ್ ನಾನಾ ಕ್ಷೇತ್ರಗಳ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಇವುಗಳ ಜೊತೆಗೆ ಐಟಿ ಕಂಪನಿಗಳ, ಬ್ಯಾಂಕುಗಳ ಸಿಎಸ್‌ಆರ್ ವಿಭಾಗಗಳು. ಸಿಎಸ್‌ಆರ್ ಹಣ ಹೆಚ್ಚು ಬರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ ಬೆಂಗಳೂರಿನ ಕೆರೆಗೆ ದಾನಿ ಸಿಕ್ಕಷ್ಟು ಸುಲಭವಾಗಿ ರಾಯಚೂರಿನ ಕೆರೆಗೆ ಸಿಗುವುದಿಲ್ಲ.

ಇನ್ನೊಂದು ಕಡೆ ವಿದೇಶಿ ಹಣದ ದಾರಿ ಕಿರಿದಾಗಿದೆ. 2020ರಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿಯ ನಂತರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ 50%ರಿಂದ 20%ಕ್ಕೆ ಇಳಿಯಿತು. ಹಣ ಎಲ್ಲಿಗೆ ಹೋಯಿತೆಂದು ಪತ್ತೆ ಮಾಡುವುದು ಇದರಿಂದ ಸುಲಭ ಎಂಬುದು ಸರ್ಕಾರದ ವಾದ. ಆದರೆ ದೊಡ್ಡ ಎನ್‌ಜಿಒ ಮೂಲಕ ಹಳ್ಳಿಯ ಸಣ್ಣ ಸಂಘಕ್ಕೆ ತಲುಪುತ್ತಿದ್ದ ನೆರವು ನಿಂತದ್ದೂ ಅಷ್ಟೇ ನಿಜ. ಹೀಗಾಗಿ ದೇಶದೊಳಗಿನ ದಾನಿಗಳ ಮೇಲಿನ ಅವಲಂಬನೆ ಹೆಚ್ಚುತ್ತಿದೆ, ಅವರ ಕಚೇರಿಯಲ್ಲಿ ಅರ್ಜಿ ಓದುವವರ ಜವಾಬ್ದಾರಿಯೂ ಹೆಚ್ಚುತ್ತಿದೆ.

ಎರಡು ಅರ್ಜಿ, ಒಂದು ಕೆರೆ

ಕರ್ನಾಟಕದಲ್ಲಿ 36 ಸಾವಿರದಷ್ಟು ಕೆರೆಗಳಿವೆ ಎನ್ನುತ್ತಾರೆ. ಅಂಥ ಒಂದು ಕೆರೆಗೆ ಎರಡು ಅರ್ಜಿ ಬಂದಿವೆ ಎಂದು ಊಹಿಸಿಕೊಳ್ಳಿ. ಮೊದಲನೆಯದು ಇಂಗ್ಲಿಷ್‌ನಲ್ಲಿದೆ. ಡ್ರೋನ್ ಫೋಟೊ, ಗ್ರಾಫ್, ಇಷ್ಟು ಘನ ಮೀಟರ್ ಹೂಳು ತೆಗೆಯುತ್ತೇವೆ ಎಂಬ ಲೆಕ್ಕ, ಸುತ್ತ ವಾಕಿಂಗ್ ಪಾತ್, ಬೇಲಿ ಎಲ್ಲ ಇದೆ. ಎರಡನೆಯದು ಕೆರೆ ಬಳಕೆದಾರರ ಸಂಘದ ಕನ್ನಡ ಅರ್ಜಿ. ರಾಜಕಾಲುವೆ ಒತ್ತುವರಿ ತೆರವಾಗಬೇಕು, ತೂಬು ಒಡೆದಿದೆ, ಕೋಡಿ ದುರಸ್ತಿಯಾಗಬೇಕು, ಹೂಳನ್ನು ರೈತರೇ ಹೊಲಕ್ಕೆ ಒಯ್ಯುತ್ತಾರೆ, ಟ್ರ್ಯಾಕ್ಟರ್ ಡೀಸೆಲ್‌ಗೆ ನೆರವು ಬೇಕು ಎಂದಷ್ಟೇ ಅದರಲ್ಲಿದೆ.

ಕೆರೆ ಕಂಡು ಗೊತ್ತಿಲ್ಲದವರು ಮೊದಲನೆಯದಕ್ಕೆ ಹೆಚ್ಚು ಅಂಕ ಕೊಡುತ್ತಾರೆ. ಊರಿನ ಕೆರೆ ನೋಡಿ ಬೆಳೆದವರು ಬೇರೆ ಪ್ರಶ್ನೆ ಕೇಳುತ್ತಾರೆ. ನೀರು ಬರುವ ಕಾಲುವೆಯೇ ಮುಚ್ಚಿದ್ದರೆ ಹೂಳು ತೆಗೆದು ಏನು ಪ್ರಯೋಜನ? ಬೇಲಿ ಹಾಕಿದರೆ ದನಕರುಗಳಿಗೆ ನೀರೆಲ್ಲಿ? ಮೀನು ಹಿಡಿಯುವವರನ್ನು, ಅಗಸರನ್ನು ಕೇಳಿದ್ದೀರಾ? ಹಿಂದೆ ತೂಬು ತೆರೆದು ಹೊಲಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಯ ಕೆಲಸವನ್ನು ಈಗ ಯಾರು ಮಾಡುತ್ತಾರೆ? ಇವು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ, ಆದರೆ ಹಣ ವ್ಯರ್ಥವಾಗದಂತೆ ತಡೆಯುವ ಪ್ರಶ್ನೆಗಳು.

ಕಾಗದದ ತೊಡಕೂ ಉಂಟು. ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿರಬೇಕು. ಹಳ್ಳಿಯ ಸಂಘಕ್ಕೆ ಅದು ಇರುವುದಿಲ್ಲ. ಅರ್ಜಿ ತಿರಸ್ಕರಿಸಲು ಇದೊಂದೇ ಕಾರಣ ಸಾಕು. ಮನಸ್ಸಿರುವ ಫೆಲೋ ಒಬ್ಬರು ಅದೇ ಜಿಲ್ಲೆಯ ನೋಂದಾಯಿತ ಸಂಸ್ಥೆಯೊಂದನ್ನು ಹುಡುಕಿ, ಸಂಘದ ಜೊತೆ ಕೂರಿಸಿ, ಆ ಕೆರೆಗೆ ಹಣ ತಲುಪುವ ದಾರಿ ಮಾಡಿಕೊಡಬಹುದು.

ಹೊಳೆಯುವುದೆಲ್ಲ ಚಿನ್ನವಲ್ಲ

ಹಾಗೆಂದು ಈ ಫೆಲೋಶಿಪ್‌ಗಳನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಅವಧಿ ಚಿಕ್ಕದು, ಮುಗಿದ ಮೇಲೆ ಅಲ್ಲೇ ಕೆಲಸ ಸಿಗುತ್ತದೆಂಬ ಖಾತರಿ ಇಲ್ಲ. ಅರ್ಜಿ, ಸಂದರ್ಶನ ಎಲ್ಲ ಇಂಗ್ಲಿಷ್‌ನಲ್ಲಿ. ಕಚೇರಿ ಬೆಂಗಳೂರು ಅಥವಾ ದೆಹಲಿಯಲ್ಲಿ, ಬಾಡಿಗೆ ಕಟ್ಟಿ ಉಳಿಯುವುದು ಎಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಇಪ್ಪತ್ತನಾಲ್ಕು ವಯಸ್ಸಿಗೆ, ಮೂವತ್ತು ವರ್ಷ ಮಣ್ಣಲ್ಲಿ ದುಡಿದವರ ಕೆಲಸಕ್ಕೆ ಅಂಕ ಹಾಕುವ ಸ್ಥಾನ ಸಿಕ್ಕರೆ ತಲೆ ತಿರುಗುವ ಅಪಾಯವೂ ಇದೆ. ಅರ್ಜಿದಾರರು ಎದುರಿಗೆ ನಗುತ್ತಾರೆ, ಸತ್ಯ ಹೇಳುವುದಿಲ್ಲ.

ದೊಡ್ಡ ಪ್ರಶ್ನೆ ಹಣದ ಮೂಲದ್ದು. ತೈಲದಿಂದ ಶ್ರೀಮಂತವಾದ ರಾಕ್‌ಫೆಲ್ಲರ್ ಕುಟುಂಬದ ರಾಕ್‌ಫೆಲ್ಲರ್ ಬ್ರದರ್ಸ್ ಫಂಡ್, ಕಲ್ಲಿದ್ದಲು ಮತ್ತು ತೈಲದಲ್ಲಿನ ತನ್ನ ಹೂಡಿಕೆಯನ್ನು ಹಿಂತೆಗೆಯುವುದಾಗಿ 2014ರಲ್ಲಿ ಘೋಷಿಸಿತು. ಒಂದು ಕೈಯಲ್ಲಿ ಹೊಗೆಯ ಲಾಭ ಪಡೆದು ಇನ್ನೊಂದು ಕೈಯಲ್ಲಿ ಗಿಡ ನೆಡುವುದು ಎಷ್ಟು ಸರಿ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಅದು. ನಮ್ಮಲ್ಲಿ ನದಿಗೆ ತ್ಯಾಜ್ಯ ಬಿಡುವ ಕಂಪನಿಯೇ ದಡದಲ್ಲಿ ಸಸಿ ನೆಟ್ಟರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ಕೇಳಲು ಫೆಲೋಗೆ ಸ್ವಾತಂತ್ರ್ಯವಿದೆಯೇ ಎಂಬುದನ್ನು ಸಂದರ್ಶನದಲ್ಲೇ ವಿಚಾರಿಸುವುದು ಒಳ್ಳೆಯದು. ಜೊತೆಗೆ ಸ್ಟೈಪೆಂಡ್ ಎಷ್ಟು, ವರ್ಷಕ್ಕೆ ಎಷ್ಟು ದಿನ ಹಳ್ಳಿಗೆ ಕಳಿಸುತ್ತೀರಿ, ಹಿಂದಿನ ಫೆಲೋಗಳು ಈಗ ಎಲ್ಲಿದ್ದಾರೆ ಎಂದೂ ಕೇಳಿ. ಸಂಕೋಚ ಬೇಡ.

ಆಗಬೇಕಾದ್ದು

ಪ್ರತಿಷ್ಠಾನಗಳು ಮಾಡಬಹುದಾದ ಸಣ್ಣ ಕೆಲಸಗಳಿವೆ. ಅನುದಾನದ ಅರ್ಜಿಯನ್ನು ಕನ್ನಡದಲ್ಲೂ ಸ್ವೀಕರಿಸುವುದು, ಫೆಲೋಶಿಪ್ ಪ್ರಕಟಣೆಯನ್ನು ಧಾರವಾಡ, ಕಲಬುರಗಿ, ಶಿವಮೊಗ್ಗದ ವಿಶ್ವವಿದ್ಯಾಲಯಗಳಿಗೂ ಕಳಿಸುವುದು, ಇಂಗ್ಲಿಷ್ ನಿರರ್ಗಳತೆಗಿಂತ ಕ್ಷೇತ್ರದ ತಿಳಿವಳಿಕೆಗೆ ಹೆಚ್ಚು ಅಂಕ ಇಡುವುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ.

ನಾವು ಮಾಡಬಹುದಾದ್ದೂ ಇದೆ. ಯಾವ ಕಂಪನಿ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿತು ಎಂಬುದು ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಮತ್ತು ಕಂಪನಿಗಳ ವಾರ್ಷಿಕ ವರದಿಯಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಜಿಲ್ಲೆಯ ಹೆಸರಿರುವ ಒಂದು ಪರಿಸರ ಯೋಜನೆಯನ್ನು ಆರಿಸಿ, ಗೆಳೆಯರೊಂದಿಗೆ ಆ ಜಾಗಕ್ಕೆ ಹೋಗಿ. ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದಿವೆ, ಕೆರೆಗೆ ನೀರು ಬಂದಿದೆಯೇ, ಊರಿನವರು ಏನನ್ನುತ್ತಾರೆ ಎಂದು ಎರಡು ಪುಟ ಬರೆಯಿರಿ. ಫೆಲೋಶಿಪ್ ಅರ್ಜಿಗೆ ಅದಕ್ಕಿಂತ ಒಳ್ಳೆಯ ಲಗತ್ತು ಬೇರೊಂದಿಲ್ಲ. ಫೆಲೋಶಿಪ್ ಸಿಗದಿದ್ದರೂ ಆ ಎರಡು ಪುಟಗಳನ್ನು ಗ್ರಾಮಸಭೆಯಲ್ಲಿ ಓದಬಹುದು. ಊರಿನ ಹೆಸರಲ್ಲಿ ಖರ್ಚಾದ ಹಣದ ಕಥೆ ಊರಿಗೇ ಮೊದಲು ಗೊತ್ತಾಗಲಿ.