ಮಡಿಸಿದ ಮೇಲೆ ನೋಡಬೇಕಾದ ಸೈಕಲ್ಲು

ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ ಹೋಗುವುದನ್ನು ಒಂದು ಪ್ರಯಾಣವೆಂದು ಕರೆಯುವುದು ರೂಢಿ. ನಿಜದಲ್ಲಿ ಅವು ಮೂರು. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಒಂದು, ರೈಲಿನಲ್ಲಿ ಒಂದು, ಇಳಿದ ಸ್ಟೇಷನ್ನಿನಿಂದ ಆಫೀಸಿನ ಬಾಗಿಲಿಗೆ ಇನ್ನೊಂದು. ನಡುವಣದರಲ್ಲಿ ಅಂಥ ಕಷ್ಟವಿಲ್ಲ. 2023ರ ಅಕ್ಟೋಬರಿನಿಂದ ಚಲ್ಲಘಟ್ಟದಲ್ಲಿ ಹತ್ತಿದವರು ವೈಟ್‌ಫೀಲ್ಡಿನವರೆಗೆ ಗಾಡಿ ಬದಲಿಸದೆ ಹೋಗಬಹುದಾಗಿದೆ. ಪಾಡೆಲ್ಲವೂ ಎರಡು ತುದಿಗಳಲ್ಲಿ. ಎರಡು ಕಿಲೋಮೀಟರು ನಡೆದರೆ ಅರ್ಧ ಗಂಟೆ ಹೋಯಿತು. ಆಟೋ ಹಿಡಿದರೆ, 2025ರ ಆಗಸ್ಟಿನಲ್ಲಿ ಜಾರಿಗೆ ಬಂದ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಅದೂ ಆಟೋದವರು ಮೀಟರು ಹಾಕಲು ಒಪ್ಪಿದರೆ. ಹೋಗಿ ಬರಲು ಒಂದು ತುದಿಗೆ ದಿನಕ್ಕೆ 72 ರೂಪಾಯಿ, ಎರಡು ತುದಿಗೆ 144. ತಿಂಗಳಿಗೆ 25 ದಿನ ಕೆಲಸವೆಂದರೆ 3,600 ರೂಪಾಯಿ ಆಟೋಗಳ ಪಾಲು.

ಈ ಲೆಕ್ಕ ಗೃಹಿಣಿಯ ಕಣ್ಣಿಗೆ ಬಿದ್ದ ಸಂಜೆ ಮನೆಯಲ್ಲಿ ಮಡಿಸುವ ಸೈಕಲ್ಲಿನ ಮಾತು ಏಳುತ್ತದೆ. ಮಗನು ಚಿತ್ರ ತೋರಿಸುತ್ತಾನೆ. ಗೃಹಸ್ಥರು ಬಣ್ಣವನ್ನೂ ಬೆಲೆಯನ್ನೂ ನೋಡುತ್ತಾರೆ. “ಮಡಿಸಿದ ಮೇಲೆ ಎಷ್ಟಾಗುತ್ತದೆ, ಯಾರು ಎತ್ತುತ್ತಾರೆ?” ಎಂದು ಕೇಳುವವರು ಆ ಗೃಹಿಣಿಯೊಬ್ಬರೇ. ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ. ತುಳಿಯುವುದಕ್ಕೆ ಮಾತ್ರವಾದರೆ ಇದರ ಅರ್ಧ ಬೆಲೆಗೆ ಗಟ್ಟಿಮುಟ್ಟಾದ ಸಾಧಾರಣ ಸೈಕಲ್ಲು ದೊರೆಯುತ್ತದೆ. ಹೆಚ್ಚಿಗೆ ತೆರುವ ಹಣವೆಲ್ಲ ಮಡಿಕೆಯ ಬೆಲೆ. ಆದುದರಿಂದ ಪರೀಕ್ಷೆ ನಡೆಯಬೇಕಾದುದು ಮಡಿಕೆಗೆ.

ಈ ವಾಹನ ಹೊಸ ವಿಚಿತ್ರವೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಿ.ಎಸ್.ಎ. ಕಂಪನಿಯು ಪ್ಯಾರಾಚೂಟಿನ ಸೈನಿಕರಿಗಾಗಿ ಮಡಿಸುವ ಸೈಕಲ್ಲುಗಳನ್ನು ತಯಾರಿಸಿಕೊಟ್ಟಿತ್ತು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರೂ ರಿಚಿ ಎಂಬ ಇಂಜಿನಿಯರರು ತಮ್ಮ ಮನೆಯಲ್ಲೇ ಕುಳಿತು ರೂಪಿಸಿದ ಸೈಕಲ್ಲಿಗೆ, ಕಿಟಕಿಯಿಂದ ಕಾಣುತ್ತಿದ್ದ ಇಗರ್ಜಿಯ ಹೆಸರಿನಿಂದ ಬ್ರಾಂಪ್ಟನ್ ಎಂಬ ಹೆಸರು ಬಂದಿತು. ಅದರ ಹಿಂದಿನ ಚಕ್ರ ಹೊಟ್ಟೆಯ ಕೆಳಕ್ಕೆ ಮಗುಚಿಕೊಳ್ಳುತ್ತದೆ. ಅಮೆರಿಕೆಯ ಡೇವಿಡ್ ಹಾನ್ ಎಂಬ ಭೌತವಿಜ್ಞಾನಿ ಅದೇ ದಶಕದ ತೈಲದ ಮುಗ್ಗಟ್ಟಿನ ಕಾಲದಲ್ಲಿ ಇದೇ ಚಿಂತೆಗೆ ಇಳಿದು, 1982ರಲ್ಲಿ ಡಾಹಾನ್ ಕಂಪನಿಯನ್ನು ಸ್ಥಾಪಿಸಿದರು. ಅವರ ಸೈಕಲ್ಲು ಪುಸ್ತಕದಂತೆ ನಡುವೆ ಮಡಿಯುತ್ತದೆ. ನಮ್ಮ ಪೇಟೆಯಲ್ಲಿ ಕೈಗೆಟುಕುವ ಬೆಲೆಗೆ ಸಿಗುವವುಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಯವು, 20 ಇಂಚಿನ ಚಕ್ರದವು. ಬ್ರಾಂಪ್ಟನ್ನಿನ ಬೆಲೆ ಲಕ್ಷ ರೂಪಾಯಿಯನ್ನು ದಾಟುವುದರಿಂದ ಅದನ್ನು ಇಲ್ಲಿ ದೂರದಿಂದಲೇ ನಮಸ್ಕರಿಸಿ ಬಿಡಬಹುದು. ಆದರೂ ಅಳತೆಯ ಮಾತಿಗೆ ಅದು ಮತ್ತೆ ಬರಬೇಕಾಗುತ್ತದೆ.

ಅಳತೆಯ ಮಾತು ಎಂದರೆ ಮೆಟ್ರೋ ಬಾಗಿಲಿನ ಮಾತು. 2021ರಲ್ಲಿ ಬೆಂಗಳೂರು ಮೆಟ್ರೋ ರೈಲು ನಿಗಮವು ಮಡಿಸಿದ ಸೈಕಲ್ಲನ್ನು ಗಾಡಿಯೊಳಗೆ ಒಯ್ಯಲು ಅನುಮತಿ ನೀಡಿತು. ಸುದ್ದಿ ಓದಿ ಹಿಗ್ಗಿದವರು ಅದರ ಷರತ್ತುಗಳನ್ನು ಓದಿದರೋ ಇಲ್ಲವೋ! ಮಡಿಸಿದ ಗಾತ್ರ 60 ಸೆಂಟಿಮೀಟರ್ ಉದ್ದ, 45 ಅಗಲ, 25 ದಪ್ಪವನ್ನು ಮೀರಬಾರದು. ತೂಕ 15 ಕಿಲೋ ದಾಟಬಾರದು. ಮಡಿಕೆಯ ವಿಷಯದಲ್ಲಿ ಜಗತ್ತೇ ಕೊಂಡಾಡುವ ಬ್ರಾಂಪ್ಟನ್ ಮಡಿಸಿದಾಗ ಸುಮಾರು 65 ಸೆಂಟಿಮೀಟರ್ ಎತ್ತರ, 59 ಅಗಲ, 27 ದಪ್ಪ. ಹಾಗಿರುವಾಗ 80 ಸೆಂಟಿಮೀಟರಿನ ಆಸುಪಾಸಿಗೆ ಬರುವ 20 ಇಂಚಿನ ಸಾಮಾನ್ಯ ಸೈಕಲ್ಲಿನ ಗತಿಯೇನು? ತೂಕದಲ್ಲಿ ಪಾಸಾದರೂ ಅಳತೆಯಲ್ಲಿ ಫೇಲು. ಅನುಮತಿಯನ್ನು ಕೊಟ್ಟ ಕೈಯೇ ಪೆಟ್ಟಿಗೆಯ ಅಳತೆಯನ್ನು ಸೈಕಲ್ಲಿಗೆ ಹಚ್ಚಿ ಅದನ್ನು ಹಿಂದಕ್ಕೆ ತೆಗೆದುಕೊಂಡಂತಾಯಿತು.

ಆದಕಾರಣ ಹಣ ಕೊಡುವ ಮುನ್ನ, ಆರಿಸಿದ ಮಾದರಿಯ ಮಡಿಸಿದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ತಾವು ಹತ್ತುವ ಮತ್ತು ಇಳಿಯುವ ಎರಡೂ ಸ್ಟೇಷನ್ನುಗಳಲ್ಲಿ ವಿಚಾರಿಸುವುದು ವಿವೇಕ. ಒಂದರಲ್ಲಿ ಮಾತ್ರ ಒಪ್ಪಿ ಇನ್ನೊಂದರಲ್ಲಿ ತಡೆದರೆ ಸಂಜೆ ಸೈಕಲ್ಲೂ ಯಜಮಾನರೂ ಹೊರಗೇ ಉಳಿಯಬೇಕಾಗುತ್ತದೆ. ಉತ್ತರ ‘ಇಲ್ಲ’ ಎಂದಾದರೆ ಲೆಕ್ಕವೇ ಬದಲಾಗುತ್ತದೆ. ಆಗ ಮನೆಯ ಕಡೆಯ ತುದಿಗೆ ಸಾಧಾರಣ ಸೈಕಲ್ಲೊಂದನ್ನು ಕೊಂಡು, ಸ್ಟೇಷನ್ನಿನ ಬಳಿ ನಂಬಿಕೆಯ ಜಾಗದಲ್ಲಿ ಬೀಗ ಹಾಕಿ ನಿಲ್ಲಿಸುವುದೇ ಲೇಸು. ಹಾಗಾದರೆ ಮಡಿಸುವ ಸೈಕಲ್ಲು ಯಾರಿಗೆ? ಆಫೀಸು ಆರೇಳು ಕಿಲೋಮೀಟರಿನೊಳಗಿದ್ದು ಇಡೀ ದಾರಿಯನ್ನು ತುಳಿದೇ ಹೋಗುವವರಿಗೆ, ಮೂರನೆಯ ಮಹಡಿಯಲ್ಲಿ ಮನೆಯಿದ್ದು ಕೆಳಗೆ ಸೈಕಲ್ಲು ಬಿಡಲು ಧೈರ್ಯವಿಲ್ಲದವರಿಗೆ, ಆಫೀಸಿನಲ್ಲಿ ಮೇಜಿನ ಕೆಳಗೆ ಇಟ್ಟುಕೊಳ್ಳಲು ಅಭ್ಯಂತರವಿಲ್ಲದವರಿಗೆ.

ಅಂಥವರು ಅಂಗಡಿಗೆ ಹೋದಾಗ ಸೀಟಿನ ಮೇಲೆ ಕೂರುವ ಮೊದಲು ಸೈಕಲ್ಲನ್ನು ತಾವೇ ಮಡಿಸಬೇಕು. ಅಂಗಡಿಯ ಹುಡುಗನು ಅಭ್ಯಾಸಬಲದಿಂದ ಹತ್ತು ಸೆಕೆಂಡಿನಲ್ಲಿ ಮಡಿಸಿ ತೋರಿಸುತ್ತಾನೆ. ಅದು ಅವನ ವಿದ್ಯೆ, ಸೈಕಲ್ಲಿನ ಗುಣವಲ್ಲ. ತಾವು ಮೂರನೆಯ ಸಲ ಮಡಿಸುವಾಗಲೂ ಬೆರಳು ಚಿವುಟಿಕೊಂಡರೆ, ಪೆಡಲು ಮೊಣಕಾಲಿಗೆ ಬಡಿದರೆ, ಚೈನಿನ ಎಣ್ಣೆ ಪ್ಯಾಂಟಿಗೆ ಮೆತ್ತಿದರೆ ಆ ಮಾದರಿಯನ್ನು ಬಿಡಬಹುದು. ಬಳಿಕ ಮಡಿಸಿದ್ದನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿಯ ಚೀಲ ಹಿಡಿದು, ಮೆಟ್ಟಿಲು ಹತ್ತಿ ನೋಡಬೇಕು. 12 ಕಿಲೋಗೂ 15 ಕಿಲೋಗೂ ಮೂರೇ ಕಿಲೋ ವ್ಯತ್ಯಾಸವೆಂದು ಕಾಗದದಲ್ಲಿ ಕಾಣುತ್ತದೆ. ಎರಡನೆಯ ಮಹಡಿಯ ತಿರುವಿನಲ್ಲಿ ಅದು ಬೇರೆಯಾಗಿ ಕಾಣುತ್ತದೆ. ಮಡಿಸಿದ ಮೇಲೂ ಚಕ್ರದ ಮೇಲೆ ಉರುಳಿಸಿಕೊಂಡು ಹೋಗಬಹುದಾದ ಮಾದರಿಗಳಿವೆ. ಉದ್ದನೆಯ ಮೊಗಸಾಲೆ ದಾಟಬೇಕಾದವರಿಗೆ ಆ ಒಂದು ಅನುಕೂಲ ಬಹಳ ದೊಡ್ಡದು.

ಅನಂತರ ಕೀಲು. ಸಾಧಾರಣ ಸೈಕಲ್ಲಿನಲ್ಲಿ ಇಲ್ಲದ ಅಪಾಯ ಇಲ್ಲಿದೆ: ಸವಾರನ ಭಾರವೆಲ್ಲ ನಡುವಿನ ಒಂದು ಕೀಲನ್ನೂ ಹ್ಯಾಂಡಲಿನ ಕಂಬದ ಬುಡದ ಇನ್ನೊಂದನ್ನೂ ನಂಬಿರುತ್ತದೆ. ಎರಡಕ್ಕೂ ಮುಖ್ಯ ಅಗುಳಿಯಲ್ಲದೆ, ಅದು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಎರಡನೆಯ ಕೊಂಡಿಯೂ ಇರಲೇಬೇಕು. ಸೈಕಲ್ಲನ್ನು ಬಿಡಿಸಿ ನಿಲ್ಲಿಸಿ, ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಬೇಕು. ಕೈಗೆ ಸಡಿಲು ತಗುಲಿದರೆ, ‘ಟಿಕ್’ ಎಂಬ ಸದ್ದು ಕೇಳಿದರೆ, ಅಂಗಡಿಯವರು “ಹೊಸದರಲ್ಲಿ ಹಾಗೇ ಸಾರ್” ಎಂದರೂ ಕೊಳ್ಳಕೂಡದು. ಸಿಲ್ಕ್ ಬೋರ್ಡಿನ ಇಳಿಜಾರಿನಲ್ಲಿ ಹಿಂದೆ ಬಸ್ಸು ಬರುತ್ತಿರುವಾಗ ಆ ಸದ್ದಿಗೆ ಸಮಾಧಾನ ಹೇಳಲು ಅವರು ಅಲ್ಲಿರುವುದಿಲ್ಲ. ಸೀಟಿನ ಉದ್ದನೆಯ ಕೊಳವೆಯ ಮೇಲೆ, ಇದಕ್ಕಿಂತ ಮೇಲೆತ್ತಬಾರದೆಂಬ ಗೆರೆಯೊಂದು ಕೊರೆದಿರುತ್ತದೆ. ಎತ್ತರದವರು ಆ ಗೆರೆ ಕಾಣದಷ್ಟೇ ಎತ್ತಿಕೊಂಡು ಕೂತು, ಕಾಲು ಸರಿಯಾಗಿ ಚಾಚುತ್ತದೆಯೇ ಎಂದು ನೋಡಬೇಕು. ಸವಾರನ ತೂಕಕ್ಕೆ ಕಂಪನಿ ಹಾಕಿರುವ ಮಿತಿಯನ್ನೂ ನಾಚಿಕೆಯಿಲ್ಲದೆ ಕೇಳಬೇಕು.

ಮನೆಯ ಫ್ರಿಜ್ಜಿಗೆ ಅಂಟಿಸಿದ ಪುಟ್ಟ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಇನ್ನೊಂದು ಗುಟ್ಟು ತಿಳಿಯುತ್ತದೆ. ಚಕ್ರದ ರಿಮ್ಮಿಗೆ ಅದು ಅಂಟಿದರೆ ರಿಮ್ಮು ಉಕ್ಕಿನದು, ಅಂಟದಿದ್ದರೆ ಅಲ್ಯುಮಿನಿಯಮ್ಮಿನದು. ರಿಮ್ಮನ್ನು ಹಿಡಿಯುವ ಬ್ರೇಕಾದರೆ, ಹೊಳಪು ಲೇಪದ ಉಕ್ಕು ಮಳೆಯಲ್ಲಿ ನೆನೆದಾಗ ಹಿಡಿತಕ್ಕೆ ಸಿಕ್ಕದೆ ಜಾರುತ್ತದೆ. ಜೂನ್ ತಿಂಗಳ ಸಂಜೆಗಳನ್ನು ನೆನೆದರೆ ಇಷ್ಟು ಸಾಕು.

ಟೈರಿನ ಮಗ್ಗುಲಲ್ಲಿ 47-406 ಎಂಬಂಥ ಅಂಕೆಗಳು ಇರುತ್ತವೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ‘20 ಇಂಚು’ ಎಂಬ ಒಂದೇ ಹೆಸರಿನಡಿ 406 ಮತ್ತು 451 ಎಂಬ ಎರಡು ಅಳತೆಗಳಿವೆ. ಒಂದರ ಟೈರು ಇನ್ನೊಂದಕ್ಕೆ ಕೂರದು. ಮಕ್ಕಳ ಸೈಕಲ್ಲಿಗೂ ಬರುವ 406 ಆದರೆ ಬೀದಿಯ ಪಂಕ್ಚರ್ ಅಂಗಡಿಯಲ್ಲೂ ಟ್ಯೂಬು ಸಿಕ್ಕೀತು. ಅಗಲ ಕಿರಿದಾದಷ್ಟೂ ನಮ್ಮ ರಸ್ತೆಯ ಗುಂಡಿಗಳು ಬೆನ್ನುಮೂಳೆಗೆ ನೇರವಾಗಿ ಮಾತನಾಡುತ್ತವೆ. ಮೊದಲೇ ಸಣ್ಣ ಚಕ್ರ. ಅದಕ್ಕೆ ಗುಂಡಿ ದೊಡ್ಡದು.

ಸಣ್ಣ ಚಕ್ರವಾದರೆ ಹೆಚ್ಚು ತುಳಿಯಬೇಕೆಂಬ ಭಯ ಅನೇಕರಿಗೆ. ಅದು ಹಲ್ಲುಚಕ್ರವನ್ನು ಅವಲಂಬಿಸಿದ ಮಾತು. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ ಚಕ್ರದ ಇಂಚಿನಿಂದ ಗುಣಿಸಿದರೆ ಉತ್ತರ ದೊರೆಯುತ್ತದೆ. ತಾತನ ಕಾಲದ 28 ಇಂಚಿನ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಲಬ್ಧ 68. ಮಡಿಸುವ 20 ಇಂಚಿನದಕ್ಕೆ ಮುಂದೆ 52, ಹಿಂದೆ 14 ಇದ್ದರೆ 74, ತಾತನನ್ನೂ ಹಿಂದಿಕ್ಕಬಹುದು. ಮುಂದೆ 40, ಹಿಂದೆ 18 ಇದ್ದರೆ 44 ಮಾತ್ರ. ಅಂಥದರಲ್ಲಿ ಕಾಲು ಹೊಲಿಗೆ ಯಂತ್ರದಂತೆ ಓಡುತ್ತದೆ, ದಾರಿ ಮಾತ್ರ ಸಾಗುವುದಿಲ್ಲ.

ಬೆಲೆಯ ಮಾತಿನಲ್ಲಿ ಒಂದು ಸಮಾಧಾನವುಂಟು: 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ರಸೀತಿಯಲ್ಲಿ ಆ ಸಾಲನ್ನು ಓದಿಕೊಳ್ಳುವುದು ಒಳ್ಳೆಯದು. ದಿನಕ್ಕೆ 144 ರೂಪಾಯಿ ಆಟೋಗೆ ಕೊಡುತ್ತಿದ್ದವರಿಗೆ 18,000 ರೂಪಾಯಿಯ ಸೈಕಲ್ಲು ಐದು ತಿಂಗಳಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ, ನಿತ್ಯವೂ ಹೊರಗೆ ತೆಗೆದರೆ. ಬೀಗ, ದೀಪ, ಹೆಲ್ಮೆಟ್ಟುಗಳಿಗೆ ಪ್ರತ್ಯೇಕವಾಗಿ ಹಣ ತೆಗೆದಿಡಬೇಕು. ಹೊಸ ತಂತಿಗಳು ಹಿಗ್ಗುವುದರಿಂದಲೂ ಕೀಲುಗಳು ಕೂರುವುದರಿಂದಲೂ ಮೊದಲ ತಿಂಗಳ ಕೊನೆಗೆ ಒಮ್ಮೆ ಎಲ್ಲವನ್ನೂ ಬಿಗಿಸಬೇಕಾಗುತ್ತದೆ. ಅದನ್ನು ಅಂಗಡಿಯವರೇ ಪುಕ್ಕಟೆಯಾಗಿ ಮಾಡಿಕೊಡುವರೇ ಎಂದು ಹಣ ಎಣಿಸುವ ಮುನ್ನವೇ ಕೇಳಿ, ಒಪ್ಪಿದರೆ ರಸೀತಿಯ ಹಿಂಬದಿಯಲ್ಲಿ ಬರೆಸಿಕೊಳ್ಳಬೇಕು. ಗೃಹಿಣಿಯು ಅಷ್ಟರಲ್ಲಿ ಮನೆಯಲ್ಲಿ ಅಳತೆಯ ಟೇಪು ಹಿಡಿದು ಮಂಚದ ಕೆಳಗನ್ನು ನೋಡಿರುತ್ತಾರೆ.